ಹಿತ್ತಲ ಗಿಡ ಬಾಡಿದೆಯೇ? ಮೊದಲು ಕಾರಣ ತಿಳಿಯಿರಿ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆ ಹಿತ್ತಲ ಗಿಡಕ್ಕೇ ಕಾಯಿಲೆ ಬಂದರೆ ಮದ್ದು ಯಾವುದು? ನಿನ್ನೆ ನಳನಳಿಸುತ್ತಿದ್ದ ಬದನೆ ಗಿಡ ಇಂದು ತಲೆ ಬಾಗಿಸಿದೆ. ಮೆಣಸಿನ ಗಿಡದ ಎಲೆ ಮುದುಡಿದೆ. ಹೀರೆಬಳ್ಳಿಯ ಮೊದಲ ಕಾಯಿ ಕೊಯ್ದು ನೋಡಿದರೆ ಒಳಗೆ ಹುಳ. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ. ಹೊಲದ ಹತ್ತಿಗೆ, ತೊಗರಿಗೆ ಹೊಡೆದು ಉಳಿದ ಔಷಧಿಯ ಬಾಟಲಿ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಒಂದು ಮುಚ್ಚಳ ನೀರಿಗೆ ಹಾಕಿ ಗಿಡಕ್ಕೆ ಚಿಮುಕಿಸುತ್ತಾರೆ. ಮರುದಿನ ಅದೇ ಗಿಡದ ಕಾಯಿ ಒಲೆಯ ಮೇಲೆ ಬೇಯುತ್ತದೆ!

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಮನೆಗಳಲ್ಲಿ ಹಿತ್ತಲೆಂದರೆ ಅಡುಗೆ ಮನೆಯ ಮುಂದುವರಿದ ಭಾಗ. ಬದನೆ, ಬೆಂಡೆ, ಹೀರೆ, ಚವಳಿ, ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ, ಕರಿಬೇವು, ಬಿರಿಯಾನಿಗೆ ಬೇಕಾಗುವ ಪುದೀನ, ಕೊತ್ತಂಬರಿ, ಇಫ್ತಾರಿನ ಶರಬತ್ತಿಗೆ ಒಂದು ನಿಂಬೆ ಗಿಡ. ಇವುಗಳ ಆರೈಕೆಯೆಲ್ಲ ಹೆಂಗಸರದ್ದೇ. ಹಾಗಾಗಿ ಗಿಡದ ಕಾಯಿಲೆಯನ್ನು ಗುರುತಿಸುವ ಕಲೆಯೂ ಅವರ ಕೈಯಲ್ಲಿರಬೇಕು. ಇದಕ್ಕೆ ದೊಡ್ಡ ಓದು ಬೇಡ. ಮಗುವಿಗೆ ಜ್ವರ ಬಂದಾಗ ತಾಯಿ ಹೇಗೆ ಹಣೆ ಮುಟ್ಟಿ, ನಾಲಿಗೆ ನೋಡಿ, ನಿನ್ನೆ ಏನು ತಿಂದಿತ್ತು ಎಂದು ನೆನಪಿಸಿಕೊಳ್ಳುತ್ತಾಳೋ, ಗಿಡಕ್ಕೂ ಅಷ್ಟೇ ಗಮನ ಸಾಕು.

ಆರು ಪ್ರಶ್ನೆಗಳು

ಯಾವ ಗಿಡ ಸೊರಗಿದರೂ ಔಷಧಿಯ ಯೋಚನೆಗೆ ಮುಂಚೆ ಈ ಆರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಕಾಯಿಲೆ ಒಂದೇ ಜಾತಿಯ ಗಿಡಕ್ಕೆ ಬಂದಿದೆಯೇ ಅಥವಾ ಎಲ್ಲದಕ್ಕೂ ಬಂದಿದೆಯೇ? ಬದನೆ, ಬೆಂಡೆ, ಮೆಂತ್ಯೆ ಎಲ್ಲವೂ ಒಟ್ಟಿಗೆ ಸೊರಗಿದ್ದರೆ ಕಾರಣ ಹೆಚ್ಚಾಗಿ ನೀರು, ಮಣ್ಣು, ಬಿಸಿಲು ಅಥವಾ ತಪ್ಪು ಔಷಧಿ. ರೋಗಾಣುಗಳು ಮತ್ತು ಅನೇಕ ಕೀಟಗಳು ಸಾಮಾನ್ಯವಾಗಿ ಒಂದು ಜಾತಿ ಅಥವಾ ಒಂದು ಕುಟುಂಬದ ಗಿಡಗಳನ್ನೇ ಆರಿಸಿಕೊಳ್ಳುತ್ತವೆ.

2. ಮೊದಲು ಕಾಣಿಸಿದ್ದು ಕೆಳಗಿನ ಹಳೆಯ ಎಲೆಯಲ್ಲೋ, ಮೇಲಿನ ಚಿಗುರಿನಲ್ಲೋ?

3. ಎಲೆಯ ಕೆಳಭಾಗದಲ್ಲಿ ಏನಿದೆ? ಕೀಟಗಳು ಬಿಸಿಲಿಗೆ ಹೆದರಿ ಎಲೆಯ ಅಡಿಯಲ್ಲಿ ಅಡಗುತ್ತವೆ. ಎಲೆ ಮಗುಚಿ ನೋಡದೆ ತೀರ್ಮಾನಿಸಬಾರದು. ಕಣ್ಣಿಗೆ ಕಾಣದಷ್ಟು ಸಣ್ಣವಾದರೆ ಬಿಳಿ ಕಾಗದವೊಂದನ್ನು ಹಿಡಿದು ಅದರ ಮೇಲೆ ಚಿಗುರನ್ನು ನಾಲ್ಕೈದು ಬಾರಿ ತಟ್ಟಿ. ಕಾಗದದ ಮೇಲೆ ಚುಕ್ಕೆಗಳು ಹರಿದಾಡಿದರೆ ಅವು ನುಸಿಗಳು.

4. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತದೆಯೇ?

5. ಬೇರು ಹೇಗಿದೆ? ತೀರಾ ಸೊರಗಿದ ಒಂದು ಗಿಡವನ್ನು ಮಣ್ಣಿನ ಸಮೇತ ಕಿತ್ತು, ಬೇರು ತೊಳೆದು ನೋಡಿ. ಉಳಿದ ಗಿಡಗಳ ಗತಿ ಅದರಲ್ಲಿ ಬರೆದಿರುತ್ತದೆ.

6. ಕಳೆದ ಹತ್ತು ದಿನಗಳಲ್ಲಿ ಏನು ಬದಲಾಯಿತು? ಹೊಸ ಗೊಬ್ಬರ ಹಾಕಿದಿರಾ? ಬೇರೆ ನೀರು ಬಿಟ್ಟಿರಾ? ಪಕ್ಕದ ಹೊಲದಲ್ಲಿ ಕಳೆನಾಶಕ ಹೊಡೆದರೇ? ಮಳೆ ನಿಂತಿತ್ತೇ?

ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಚಿಕಿತ್ಸೆ ಮುಗಿದಂತೆ.

ಬಾಡುವ ಗಿಡ: ಬೇರನ್ನು ಕೇಳಿ

ಬಾಡುವುದು ಒಂದು ರೋಗದ ಹೆಸರೇನೂ ಅಲ್ಲ. ಅನೇಕ ಕಾಯಿಲೆಗಳಿಗೆ ಅದು ಸಮಾನ ಲಕ್ಷಣ. ಆದ್ದರಿಂದಲೇ ಇಲ್ಲಿ ಹೆಚ್ಚು ಮೋಸ ಹೋಗುತ್ತೇವೆ. ಗಿಡ ಬಾಡಿತೆಂದರೆ ನೀರು ಸಾಲದು ಎಂದುಕೊಂಡು ಕೊಡದಲ್ಲಿ ನೀರು ಸುರಿಯುತ್ತೇವೆ. ಅನೇಕ ಸಲ ಗಿಡ ಸಾಯುವುದೇ ಆ ನೀರಿನಿಂದ!

ಈ ನಾಲ್ಕೂ ತಾಲೂಕುಗಳಲ್ಲಿ ಎರೆ ಮಣ್ಣು ಹೆಚ್ಚು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ಮಳೆ ಕಡಿಮೆಯಾದರೂ ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಂದು ಗೇಣು ಕೆಳಗೆ ಹಸಿಯಾಗಿರುತ್ತದೆ. ಹಾಗಾಗಿ ನೀರು ಹಾಕುವ ಮುನ್ನ ಬೆರಳನ್ನು ಎರಡು ಇಂಚು ಮಣ್ಣಿಗೆ ಊರಿ ನೋಡಿ. ಬೆರಳಿಗೆ ಮಣ್ಣು ಅಂಟಿದರೆ ಅಂದು ನೀರು ಬೇಡ.

ಬೇರು ತೊಳೆದು ನೋಡಿದಾಗ ಕಾಣುವುದು ಇವುಗಳಲ್ಲಿ ಒಂದು:

ಬೇರು ಕಂದಾಗಿ, ಸಿಪ್ಪೆ ಎಳೆದರೆ ಕಾಲುಚೀಲದಂತೆ ಕಳಚಿ ಬಂದು, ಕೆಟ್ಟ ವಾಸನೆ ಇದ್ದರೆ ಅದು ಬೇರು ಕೊಳೆ. ನೀರು ನಿಂತು ಬೇರಿಗೆ ಉಸಿರು ಸಿಗದೆ ಬರುವ ಕಾಯಿಲೆ. ಬದು ಏರಿಸಿ, ನೀರು ಹರಿದು ಹೋಗಲು ದಾರಿ ಮಾಡಿ.

ಬೇರಿನ ಮೇಲೆ ಜಪಮಣಿಯಂತೆ ಗಂಟುಗಳಿದ್ದರೆ ಅದು ಜಂತುಹುಳು. ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಲ್ಲುತ್ತಾ, ದಿನೇ ದಿನೇ ಕುಗ್ಗುತ್ತದೆ. ಬೆಂಡೆ, ಬದನೆ, ಟೊಮೆಟೊಗಳಲ್ಲಿ ಸಾಮಾನ್ಯ. ಆದರೆ ಶೇಂಗಾ, ಚವಳಿ, ಮೆಂತ್ಯೆಗಳ ಬೇರಿನಲ್ಲೂ ಗಂಟುಗಳಿರುತ್ತವೆ ಎಂಬುದನ್ನು ಮರೆಯಬಾರದು. ಅವು ಗಾಳಿಯ ಸಾರಜನಕ ಹಿಡಿದಿಡುವ ಉಪಕಾರಿ ಗಂಟುಗಳು. ಉಗುರಿನಿಂದ ಸುಲಭವಾಗಿ ಉದುರುತ್ತವೆ, ಒಳಗೆ ನಸುಗೆಂಪು ಬಣ್ಣವಿರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು. ಅದು ಬೇರ್ಪಡುವುದಿಲ್ಲ.

ಬೇರು ನೋಡಲು ಚೆನ್ನಾಗಿದ್ದು, ಗಿಡದ ಒಂದು ಬದಿಯ ಎಲೆಗಳು ಹಳದಿಯಾಗಿ ಬಾಡಿದ್ದರೆ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಗೆರೆ ಕಂಡರೆ ಅದು ಶಿಲೀಂಧ್ರದ ಸೊರಗು ರೋಗ. ನಮ್ಮ ರೈತರು ತೊಗರಿಯಲ್ಲಿ 'ಸಿಡಿ ಹಾಯಿತು' ಎನ್ನುತ್ತಾರಲ್ಲ, ಅದೇ ಬಗೆಯದ್ದು.

ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಎರಡು ಮೂರು ದಿನಗಳಲ್ಲಿ ಕುಸಿದರೆ ಕಾಂಡದ ಬುಡದಿಂದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ನೀರಿಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಕರಾವಳಿ, ಮಲೆನಾಡಿನ ಬದನೆ ಮತ್ತು ಟೊಮೆಟೊಗಳನ್ನು ಇದು ಹೆಚ್ಚು ಕಾಡುತ್ತದೆ. ಪ್ರಯೋಗಾಲಯದವರೂ ಮೊದಲಿಗೆ ಮಾಡುವ ಪರೀಕ್ಷೆ ಇದೇ.

ಬೇರು ತೊಗಟೆ ಕೆರೆದು ತಿಂದಂತಿದ್ದು, ಮಣ್ಣಿನ ಸುರಂಗಗಳಿದ್ದರೆ ಗೆದ್ದಲು. ಮಣ್ಣಿನಲ್ಲಿ 'ಸಿ' ಆಕಾರಕ್ಕೆ ಮಡಚಿದ ಬಿಳಿ ದಪ್ಪ ಹುಳ ಸಿಕ್ಕರೆ ಗೊಣ್ಣೆ ಹುಳು. ಅರೆಕೊಳೆತ ತಿಪ್ಪೆ ಗೊಬ್ಬರದ ಜೊತೆಗೆ ಇದು ಮನೆಗೆ ಬರುತ್ತದೆ.

ಸೊರಗು ರೋಗ ಬಂದ ಗಿಡ ಬದುಕುವುದಿಲ್ಲ. ಅದನ್ನು ಕಿತ್ತು ಸುಡಬೇಕು, ತಿಪ್ಪೆಗೆ ಎಸೆಯಬಾರದು. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬ. ಆ ಜಾಗದಲ್ಲಿ ಎರಡು ಮೂರು ವರ್ಷ ಇವುಗಳನ್ನು ಬಿಟ್ಟು ಮೆಂತ್ಯೆ, ಉಳ್ಳಾಗಡ್ಡಿ, ಜೋಳದಂತಹವನ್ನು ಹಾಕಿ. ನಡುವೆ ಚೆಂಡು ಹೂವಿನ ಗಿಡ ಬೆಳೆಸಿದರೆ ಜಂತುಹುಳು ಕಡಿಮೆಯಾಗುತ್ತದೆ.

ನಮ್ಮ ಕಡೆಯ ಸುಡು ಬಿಸಿಲೂ ಒಂದು ಔಷಧಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಮಡಿಯನ್ನು ಅಗೆದು, ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ. ನಾಲ್ಕರಿಂದ ಆರು ವಾರ ಹಾಗೆಯೇ ಬಿಟ್ಟರೆ ಒಳಗಿನ ಕಾವಿಗೆ ಮೇಲ್ಮಣ್ಣಿನ ಬಹುಪಾಲು ರೋಗಾಣು, ಜಂತುಹುಳು, ಕಳೆಬೀಜ ಸಾಯುತ್ತವೆ. ಖರ್ಚು ಒಂದು ಪ್ಲಾಸ್ಟಿಕ್ ಹಾಳೆಯದ್ದು ಮಾತ್ರ.

ನೀರೇ ರೋಗವಾದಾಗ

ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ಕಾಲುವೆಗಳು ಈ ಒಣ ನಾಡಿಗೆ ನೀರು ತಂದವು. ಅದರ ಜೊತೆಗೇ ಅತಿ ನೀರಾವರಿ ಮಾಡಿದ ಎರೆ ಜಮೀನುಗಳಲ್ಲಿ ಸವಳು-ಜವಳಿನ ಸಮಸ್ಯೆಯೂ ಬಂತು. ಡೋಣಿ ಹೊಳೆಯ ದಡದವರಿಗೆ ಉಪ್ಪು ನೀರು ಹೊಸದೇನಲ್ಲ. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎಂದು ಹಾಡಿ ಹೊಗಳಿದ ಅದೇ ಹೊಳೆಯ ನೀರು ಬೇಸಿಗೆಯಲ್ಲಿ ಬಾಯಿಗಿಡಲಾಗದಷ್ಟು ಸವಳು.

ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾಗಿದ್ದು, ಮಣ್ಣಿನ ಮೇಲೆ ಬಿಳಿ ಪುಡಿ ಮೂಡಿದ್ದು, ಬೀಜಗಳು ಸರಿಯಾಗಿ ಮೊಳೆಯದಿದ್ದರೆ ಅದು ಉಪ್ಪಿನ ಕಾಟ. ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಆ ನೀರು ಗಡಸು ಎಂದರ್ಥ. ಮಣ್ಣು ನೀರುಗಳ ಪರೀಕ್ಷೆ ಮಾಡಿಸದೆ ಯಾವ ಗೊಬ್ಬರ ಹಾಕಿದರೂ ದಂಡ.

ಇಲ್ಲಿ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಬಚ್ಚಲ ನೀರನ್ನು ಹಿತ್ತಲಿಗೆ ಬಿಡುವುದು ನಮ್ಮಲ್ಲಿ ರೂಢಿ. ಪಾತ್ರೆ, ತರಕಾರಿ ತೊಳೆದ ನೀರು ಸರಿ. ಆದರೆ ಬಟ್ಟೆ ಸೋಪಿನ ಪುಡಿ ಮತ್ತು ಸೋಡಾದ ನೀರು ಎರೆ ಮಣ್ಣನ್ನು ಗಟ್ಟಿಯಾಗಿಸಿ ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿಯೂ ಮೂಲ ನೀರಿಗಿಂತ ಹೆಚ್ಚು ಉಪ್ಪಿರುತ್ತದೆ. ಅದನ್ನು ಅಂಗಳ ತೊಳೆಯಲು ಬಳಸಿ, ಮೆಂತ್ಯೆ ಕೊತ್ತಂಬರಿಗೆ ಬೇಡ.

ಮುದುಡಿದ ಎಲೆ: ಮೂವರು ಕಳ್ಳರು

ಮೆಣಸಿನ ಗಿಡದ ಎಲೆ ಮುದುಡುವುದನ್ನು ನಾವು 'ಮುಟುರು ರೋಗ' ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ವಾಸ್ತವದಲ್ಲಿ ಇದರ ಹಿಂದೆ ಮೂವರು ಕಳ್ಳರಿದ್ದಾರೆ.

ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ನುಸಿ. ಎಲೆ ಕೆಳಮುಖವಾಗಿ, ಮಗುಚಿದ ದೋಣಿಯಂತೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಅದು ಮೈಟ್ ನುಸಿ. ಎಲೆಗಳು ಬಹಳ ಸಣ್ಣದಾಗಿ, ಒತ್ತೊತ್ತಾಗಿ ಗೊಂಚಲು ಕಟ್ಟಿ, ಗಿಡ ಗಿಡ್ಡಾಗಿ ಕಾಯಿ ಬಿಡದಿದ್ದರೆ ಅದು ನಂಜಾಣು, ಅಂದರೆ ವೈರಸ್. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಗಿಡ ಅಲುಗಿಸಿದರೆ ಹಿಟ್ಟು ಹಾರಿದಂತೆ ಏಳುವುದು ಇದೇ.

ಈ ವ್ಯತ್ಯಾಸ ತಿಳಿಯುವುದು ಏಕೆ ಮುಖ್ಯ? ಥ್ರಿಪ್ಸಿಗೆ ಹೊಡೆಯುವ ಅನೇಕ ಔಷಧಿಗಳು ಮೈಟ್ ಮೇಲೆ ಪರಿಣಾಮ ಬೀರುವುದಿಲ್ಲ. ಬದಲಾಗಿ ಮೈಟ್‌ಗಳನ್ನು ತಿನ್ನುವ ಉಪಕಾರಿ ಕೀಟಗಳನ್ನು ಕೊಂದು ಕಾಟ ಹೆಚ್ಚಿಸುತ್ತವೆ. ನಂಜಾಣುವಿಗಂತೂ ಮದ್ದೇ ಇಲ್ಲ. ರೋಗದ ಗಿಡವನ್ನು ಬೇಗ ಕಿತ್ತಷ್ಟೂ ಉಳಿದವು ಬದುಕುತ್ತವೆ. 'ಇನ್ನೂ ನಾಲ್ಕು ಕಾಯಿ ಬಿಡಬಹುದು' ಎಂಬ ಆಸೆಯಿಂದ ಒಂದು ಗಿಡ ಉಳಿಸಿಕೊಂಡರೆ ಇಡೀ ಸಾಲು ಹೋಗುತ್ತದೆ.

2021ರಲ್ಲಿ ತೆಲಂಗಾಣ, ಆಂಧ್ರ ಮತ್ತು ಕರ್ನಾಟಕದ ಮೆಣಸಿನಕಾಯಿ ಬೆಳೆಗಾರರನ್ನು ಕಂಗೆಡಿಸಿದ ಕಪ್ಪು ಥ್ರಿಪ್ಸ್ ಹೊರನಾಡಿನಿಂದ ಬಂದ ಕೀಟ. ಇದು ಎಲೆಗಿಂತ ಹೂವಿನೊಳಗೆ ಗುಂಪು ಸೇರುತ್ತದೆ. ಹೂ ಉದುರಿದರೆ 'ದೃಷ್ಟಿ ತಾಗಿತು' ಎಂದು ಸುಮ್ಮನಾಗದೆ ಒಂದು ಹೂವನ್ನು ಅಂಗೈ ಮೇಲೆ ಕೊಡವಿ ನೋಡಿ.

ಬಿಳಿನೊಣದಿಂದ ಸಸಿಗಳನ್ನು ರಕ್ಷಿಸಲು ಒಂದು ಸುಲಭ ಉಪಾಯವಿದೆ. ಸಸಿ ಮಡಿಯ ಮೇಲೆ ಬಿದಿರು ಕಡ್ಡಿಗಳನ್ನು ಬಾಗಿಸಿ ನೆಟ್ಟು, ಹಳೆಯ ತೆಳು ದುಪಟ್ಟಾ ಹೊದಿಸಿ. ಸೊಳ್ಳೆ ಪರದೆಯ ಕಣ್ಣು ಬಿಳಿನೊಣಕ್ಕೆ ದೊಡ್ಡದಾಯಿತು, ದುಪಟ್ಟಾದ ನೇಯ್ಗೆ ಸರಿ. ದೊಡ್ಡ ಗಿಡಗಳ ನಡುವೆ ಹಳದಿ ಬಣ್ಣ ಬಳಿದ ಡಬ್ಬಿಗೆ ಹರಳೆಣ್ಣೆ ಸವರಿ ತೂಗಿಸಿದರೆ ಬಿಳಿನೊಣಗಳು ಬಣ್ಣಕ್ಕೆ ಮರುಳಾಗಿ ಅಂಟಿಕೊಳ್ಳುತ್ತವೆ. ಥ್ರಿಪ್ಸಿಗೆ ನೀಲಿ ಬಣ್ಣ ಹೆಚ್ಚು ಇಷ್ಟ.

ಹಳದಿಯ ಭಾಷೆ

ಎಲೆ ಹಳದಿಯಾಯಿತು ಎಂದರೆ ಸಾಲದು. ಯಾವ ಎಲೆ, ಎಲ್ಲಿ ಹಳದಿ ಎಂದು ನೋಡಬೇಕು.

ಬೆಂಡೆಯಲ್ಲಿ ನರಗಳೇ ಹಳದಿಯಾಗಿ ಬಲೆಯಂತೆ ಕಂಡರೆ ಅದು ಹಳದಿ ನಾಳದ ನಂಜು ರೋಗ. ಇದನ್ನೂ ಹರಡುವುದು ಬಿಳಿನೊಣ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ರೋಗ ತಡೆಯುವ 'ಅರ್ಕಾ ಅನಾಮಿಕಾ' ತಳಿಯನ್ನು ಕೊಟ್ಟಿತು. ವರ್ಷಗಳು ಕಳೆದಂತೆ ನಂಜಾಣು ರೂಪ ಬದಲಿಸಿ ಆ ತಡೆಗೋಡೆಯನ್ನೂ ದಾಟಿತು. ಟೊಮೆಟೊಗೆ ಅದೇ ಸಂಸ್ಥೆಯ 'ಅರ್ಕಾ ರಕ್ಷಕ್' ಮೂರು ರೋಗಗಳನ್ನು ತಡೆಯುವ ತಳಿ. ಬೀಜ ಕೊಳ್ಳುವಾಗ ಯಾವ ರೋಗಕ್ಕೆ ತಡೆ ಇದೆ ಎಂದು ಕೇಳುವುದನ್ನು ರೂಢಿಸಿಕೊಳ್ಳಿ.

ಚಿಗುರೆಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿ ಅಥವಾ ಬಿಳಿಚಿದ್ದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ. ಸುಣ್ಣದ ಹರಳಿರುವ ಎರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಕರಿಬೇವು, ನಿಂಬೆ, ಗುಲಾಬಿಗಳಲ್ಲಿ ಇದು ಬಹಳ ಸಾಮಾನ್ಯ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು ಒಂದು ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ ಮಾಡಿದರೆ ಹೊಸ ಚಿಗುರು ಹಸಿರಾಗುತ್ತದೆ. ಕೆಳಗಿನ ಹಳೆಯ ಎಲೆಗಳು ಮಾತ್ರ ಸಮನಾಗಿ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಒಂದು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ ಸಾಕು.

ಸೌತೆ, ಹೀರೆ, ಕುಂಬಳದ ಎಲೆಯ ಮೇಲೆ ಹಿಟ್ಟು ಉದುರಿಸಿದಂತಿದ್ದರೆ ಬೂದಿ ರೋಗ. ಚಳಿಗಾಲದ ಒಣ ಹವೆಯಲ್ಲಿ ಹೆಚ್ಚು. ಎಲೆಯ ಮೇಲ್ಭಾಗದಲ್ಲಿ ಮೂಲೆಗಳುಳ್ಳ ಹಳದಿ ಚೌಕಗಳಿದ್ದು, ಅಡಿಯಲ್ಲಿ ಬೂದು ಬಣ್ಣದ ಬೂಜು ಇದ್ದರೆ ಬೂಜು ತುಪ್ಪಟ ರೋಗ. ಇದಕ್ಕೆ ತೇವ ಬೇಕು. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ. ರೋಗದ ಎಲೆ ಚಿವುಟಿ ತೆಗೆಯುವುದು, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ ಗಾಳಿಯಾಡುವಂತೆ ಮಾಡುವುದು, ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ ನೀರು ಕೊಡುವುದು.

ಕಾಯಿಯೊಳಗಿನ ಹುಳ

ಬದನೆಯ ಎಳೆ ಕುಡಿ ಮಾತ್ರ ಬಾಡಿ ಜೋತುಬಿದ್ದಿದ್ದರೆ ಅದನ್ನು ಮುರಿದು ಸೀಳಿ ನೋಡಿ. ಒಳಗೆ ನಸುಗೆಂಪು ಹುಳ ಇರುತ್ತದೆ. ಇದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಈ ಸಣ್ಣ ಹುಳ ದೇಶವನ್ನೇ ಚರ್ಚೆಗೆ ಎಳೆದಿತ್ತು. ಇದನ್ನು ತಡೆಯಲೆಂದೇ ಕುಲಾಂತರಿ ಬಿಟಿ ಬದನೆ ರೂಪಿಸಲಾಯಿತು. ಉಡುಪಿಯ ಮಟ್ಟುಗುಳ್ಳದಂತಹ ನಾಡ ತಳಿಗಳ ಗತಿಯೇನು ಎಂಬ ಆತಂಕವೂ ಸೇರಿ ದೊಡ್ಡ ವಿರೋಧ ಎದ್ದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ನೀಡಿತು.

ಹತ್ತು ಗಿಡಗಳ ಹಿತ್ತಲಿಗೆ ಅಷ್ಟೆಲ್ಲ ಬೇಕಿಲ್ಲ. ವಾರಕ್ಕೆರಡು ಬಾರಿ ಬಾಡಿದ ಕುಡಿಗಳನ್ನು ಒಂದು ಇಂಚು ಕೆಳಗಿನಿಂದ ಚಿವುಟಿ, ಬಿಸಿನೀರಿನಲ್ಲಿ ಹಾಕಿ ಹುಳ ಸಾಯಿಸಿ. ಕುಡಿಯಲ್ಲಿ ತಡೆದರೆ ಕಾಯಿಗೆ ಹೋಗುವುದಿಲ್ಲ. ಹುಳ ಕೊರೆದ ಕಾಯಿಗಳನ್ನು ಗಿಡದ ಬುಡದಲ್ಲಿ ಎಸೆಯಬೇಡಿ. ಹುಳ ಅಲ್ಲೇ ಕೋಶ ಕಟ್ಟಿ ಪತಂಗವಾಗಿ ಮತ್ತೆ ಬರುತ್ತದೆ. ಮೋಹಕ ಬಲೆ ತೂಗು ಹಾಕಿದರೆ ಗಂಡು ಪತಂಗಗಳು ಸಿಕ್ಕಿಬೀಳುತ್ತವೆ.

ಹಾಗಲ, ಹೀರೆ, ಸೌತೆಯ ಕಾಯಿ ಸೊಟ್ಟಗಾಗಿ ಕೊಳೆತು ಒಳಗೆ ಅಕ್ಕಿಯಂತಹ ಬಿಳಿ ಹುಳಗಳಿದ್ದರೆ ಹಣ್ಣಿನ ನೊಣ. ಎಳೆ ಮಿಡಿಗೆ ಕಾಗದದ ಚೀಲ ಕಟ್ಟುವುದು, ಕೆಟ್ಟ ಕಾಯಿಗಳನ್ನು ಎರಡಡಿ ಆಳದಲ್ಲಿ ಹೂಳುವುದು ಉತ್ತಮ ಉಪಾಯ. ಟೊಮೆಟೊ ತೊಟ್ಟಿನ ಬಳಿ ಸೂಜಿ ಚುಚ್ಚಿದಂತಹ ರಂಧ್ರ, ಎಲೆಯಲ್ಲಿ ಅಗಲವಾದ ಒಣ ಮಚ್ಚೆಗಳಿದ್ದರೆ ಅದು ದಕ್ಷಿಣ ಅಮೆರಿಕ ಮೂಲದ ಟ್ಯೂಟಾ ಕೀಟ. ಭಾರತದಲ್ಲಿ ಇದು ಕಾಣಿಸಿಕೊಂಡದ್ದು 2014ರಲ್ಲಿ. ಟೊಮೆಟೊದ ತಳಭಾಗ ಮಾತ್ರ ಕಪ್ಪಾಗಿ ಚಪ್ಪಟೆಯಾಗಿದ್ದರೆ ಹೆದರಬೇಡಿ. ಒಂದು ದಿನ ಒಣಗಿಸಿ ಮರುದಿನ ತುಂಬಿ ಹರಿಸುವ ಕ್ರಮ ತಪ್ಪಿದ ನೀರಿನಿಂದ ಕಾಯಿಗೆ ಸುಣ್ಣದ ಅಂಶ ಸಿಗದೆ ಹೀಗಾಗುತ್ತದೆ. ದಿನವೂ ಹದವಾಗಿ ನೀರು ಕೊಟ್ಟರೆ ಮುಂದಿನ ಕಾಯಿಗಳು ಸರಿಹೋಗುತ್ತವೆ.

ಇಂಡಿಯ ನಿಂಬೆ, ಅಂಗಳದ ದಾಳಿಂಬೆ

ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಇಂಡಿ, ಸಿಂದಗಿಯ ಕಡೆ ನಿಂಬೆ ತೋಟಗಳು ಮಾತ್ರವಲ್ಲ, ಅಂಗಳದ ಒಂದೊಂದು ಗಿಡವೂ ಬೆಲೆಬಾಳುವುದೇ. ಎಲೆ, ಕಾಯಿ, ರೆಂಬೆಗಳ ಮೇಲೆ ಒರಟಾದ, ಉಬ್ಬಿದ ಕಂದು ಕಜ್ಜಿ ಎದ್ದು ಸುತ್ತಲೂ ಹಳದಿ ಬಳೆ ಇದ್ದರೆ ಅದು ಕಜ್ಜಿ ರೋಗ. ದುಂಡಾಣುವಿನಿಂದ ಬಂದು ಮಳೆ ಹನಿಯ ಜೊತೆ ಹರಡುತ್ತದೆ. ಎಲೆಯ ಮೇಲೆ ಬೆಳ್ಳಿಯ ರಂಗೋಲಿ ಎಳೆದಂತಿದ್ದರೆ ರಂಗೋಲಿ ಹುಳು. ಈ ಹುಳ ಮಾಡಿದ ಗಾಯದ ಮೂಲಕವೇ ಕಜ್ಜಿ ಒಳಸೇರುತ್ತದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತಹ ಮರಿ ಕಂಡರೆ ಅದು ನಿಂಬೆ ಚಿಟ್ಟೆಯ ಹುಳ. ಕೈಯಿಂದ ಆರಿಸಿ ತೆಗೆದರಾಯಿತು. ಬುಡದ ತೊಗಟೆ ಸೀಳಿ ಅಂಟು ಸುರಿಯುತ್ತಿದ್ದರೆ ಬುಡದಲ್ಲಿ ನೀರು ನಿಲ್ಲುತ್ತಿದೆ ಎಂದೇ ಅರ್ಥ. ನೀರಿನ ಪಾತಿಯನ್ನು ಬುಡದಿಂದ ದೂರಕ್ಕೆ ಸರಿಸಿ.

ದಾಳಿಂಬೆಯ ಮೇಲೆ ಎಣ್ಣೆ ಬಿದ್ದಂತಹ ಚುಕ್ಕೆ ಎದ್ದು, ಆ ಜಾಗದಲ್ಲೇ ಹಣ್ಣು ಸೀಳಿದರೆ ಅದು ದುಂಡಾಣು ಅಂಗಮಾರಿ. 2000ದ ದಶಕದಲ್ಲಿ ಉತ್ತರ ಕರ್ನಾಟಕದ ದಾಳಿಂಬೆ ಬೆಳೆಗಾರರು ತೋಟವನ್ನೇ ಕಿತ್ತು ಹಾಕುವಂತೆ ಮಾಡಿದ ರೋಗವಿದು. ಸಸಿ ಮತ್ತು ಕತ್ತರಿಯ ಮೂಲಕವೂ ಬರುತ್ತದೆ. ಆದ್ದರಿಂದ ರೋಗದ ಗಿಡ ಕತ್ತರಿಸಿದ ಕತ್ತರಿಯನ್ನು ಶುದ್ಧಗೊಳಿಸದೆ ಇನ್ನೊಂದಕ್ಕೆ ಹಾಕಬೇಡಿ.

ಶಿಲೀಂಧ್ರ ಮತ್ತು ಕಜ್ಜಿಗಳಿಗೆ ಹಳೆಯ ನಂಬುಗೆಯ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಕಳ್ಳರು ದ್ರಾಕ್ಷಿ ಕೀಳದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದಿರುವುದನ್ನು ಕಂಡು ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಇದೇ ದ್ರಾವಣದಿಂದ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ದಾರಿ ತೋರಿಸಿದರು. ಮನೆಯ ಅಳತೆ ಹೀಗಿದೆ: ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿನಲ್ಲಿ 10 ಗ್ರಾಂ ಸುಣ್ಣ ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಿ. ಕಬ್ಬಿಣದ ಚಾಕು ಅದ್ದಿ ನೋಡಿ. ಅದರ ಮೇಲೆ ಕೆಂಪು ಪದರ ಕೂತರೆ ಸುಣ್ಣ ಸಾಲದು. ತಯಾರಿಸಿದ ದಿನವೇ ಬಳಸಿ. ಎಳೆ ಸಸಿಗಳಿಗೂ ಸೊಪ್ಪಿಗೂ ಬೇಡ.

ಗೆಳೆಯರನ್ನು ಕೊಲ್ಲಬೇಡಿ

ಹಿತ್ತಲಲ್ಲಿ ಕಾಣುವ ಹುಳಗಳೆಲ್ಲ ಶತ್ರುಗಳಲ್ಲ. ಕೆಂಪು ಮೈಗೆ ಕಪ್ಪು ಚುಕ್ಕೆಯ ಹೊಳೆಯುವ ಗುಲಗಂಜಿ ಹುಳು ಹೇನುಗಳನ್ನು ತಿಂದು ಬದುಕುತ್ತದೆ. ಅದರ ಮರಿ ಪುಟ್ಟ ಮೊಸಳೆಯಂತೆ ಕಾಣುವುದರಿಂದ ಹೆದರಿ ಹೊಸಕಿ ಹಾಕುವವರೇ ಹೆಚ್ಚು. ಆದರೆ ಅದನ್ನೇ ಹೋಲುವ, ಹೊಳಪಿಲ್ಲದ ತಾಮ್ರ ಬಣ್ಣದ ದುಂಬಿಯೊಂದು ಬದನೆ ಎಲೆಯನ್ನು ಕೆರೆದು ಜರಡಿ ಮಾಡುತ್ತದೆ. ಎಲೆಯೇ ಸಾಕ್ಷಿ. ಎಲೆ ಜರಡಿಯಾಗಿದ್ದರೆ ಶತ್ರು, ಹೇನಿನ ಗುಂಪಿನ ನಡುವೆ ಇದ್ದರೆ ಮಿತ್ರ. ಗಿಡದ ಮೇಲೆ ಇರುವೆ ಸಾಲುಗಟ್ಟಿದ್ದರೆ ಮೇಲೆ ಹೇನು ಅಥವಾ ಹಿಟ್ಟು ತಿಗಣೆ ಇದೆ ಎಂದು ತಿಳಿಯಿರಿ. ಅವು ಸುರಿಸುವ ಸಿಹಿಗಾಗಿ ಇರುವೆ ಅವನ್ನು ಕಾಯುತ್ತದೆ.

2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ಬೇಗನೆ ದಕ್ಷಿಣದ ರಾಜ್ಯಗಳಿಗೆ ಹರಡಿತು. ಯಾವ ಔಷಧಿಗೂ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಅದರ ಸಹಜ ಶತ್ರುವಾದ ಒಂದು ಪುಟ್ಟ ಕಣಜವನ್ನು ಹೊರದೇಶದಿಂದ ತರಿಸಿ ಬಿಟ್ಟರು. ತಿಗಣೆಯ ಹಾವಳಿ ಇಳಿಯಿತು. ಔಷಧಿ ಹೊಡೆದ ಜಾಗದಲ್ಲಿ ಇಂತಹ ಕಣಜ ಬದುಕುವುದಿಲ್ಲ.

ಹೇನು, ಬಿಳಿನೊಣ, ನುಸಿಗಳಿಗೆ ಮೊದಲ ಹೆಜ್ಜೆ ಜೋರಾಗಿ ನೀರು ಚಿಮ್ಮಿಸುವುದು. ಎರಡನೆಯದು ಬೇವಿನ ಬೀಜದ ಕಷಾಯ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಮೊದಲು ಎರಡು ಎಲೆಗಳ ಮೇಲೆ ಪರೀಕ್ಷಿಸಿ, ಮರುದಿನ ಸುಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಇಡೀ ಗಿಡಕ್ಕೆ ಬಳಸಿ.

ಸಸಿಗಳು ಬುಡದಲ್ಲಿ ನೀರುನೀರಾಗಿ ಮುರಿದು ಬೀಳುವ ಸಸಿ ಕೊಳೆಗೆ ಏರುಮಡಿ, ತೆಳು ಬಿತ್ತನೆ, ಮಿತ ನೀರು ಮದ್ದು. ಒಂದು ಕಿಲೋ ಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ ಬೆರೆಸಿ ಮಡಿಗೆ ಹಾಕಿದರೆ ಆ ಉಪಕಾರಿ ಶಿಲೀಂಧ್ರ ರೋಗದ ಶಿಲೀಂಧ್ರವನ್ನು ಹತ್ತಿಕ್ಕುತ್ತದೆ.

ಬಾಟಲಿ ಅಡುಗೆ ಮನೆಗೆ ಬಾರದಿರಲಿ

ಹೊಲದ ಔಷಧಿ ಹಿತ್ತಲಿಗೆ ಏಕೆ ಬೇಡ? ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಅಡುಗೆ ಎಣ್ಣೆಯಲ್ಲಿ ಬೆರೆತಿದ್ದ ಇದೇ ವಿಷದಿಂದ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಬಗ್ಗೆ ಹೇಳುವುದೇ ಬೇಡ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದನ್ನು ದೇಶದಾದ್ಯಂತ ತಡೆಯಿತು. ಅಷ್ಟರಲ್ಲಿ ಆ ಊರುಗಳ ತಾಯಂದಿರು ಪಡಬಾರದ ಪಾಡು ಪಟ್ಟಿದ್ದರು.

ಹತ್ತಿ, ತೊಗರಿಗೆ ಹೊಡೆಯುವ ಔಷಧಿಯ ಪ್ರಮಾಣವೂ, ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳೂ ಬೇರೆ. ದಿನ ಬಿಟ್ಟು ದಿನ ಕೊಯ್ಯುವ ಬೆಂಡೆ, ಬದನೆ, ಸೊಪ್ಪಿಗೆ ಅದು ಸಲ್ಲದು. ಬಾಟಲಿ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಖಾಲಿಯಾದ ಡಬ್ಬದಲ್ಲಿ ಎಣ್ಣೆ, ನೀರು ತುಂಬಬೇಡಿ. ಸಿಂಪಡಿಸಿದ ಬಳಿಕ ತಲೆಸುತ್ತು, ವಾಕರಿಕೆ, ಅತಿ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆದು, ಔಷಧಿಯ ಚೀಟಿ ಸಹಿತ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದರ ಹತ್ತಿರವೂ ಸುಳಿಯಬಾರದು.

ಯಾರನ್ನು ಕೇಳಬೇಕು?

ಅಂಗಡಿಯವನ ಬಳಿ 'ಗಿಡ ಬಾಡ್ಯಾವ, ಎಣ್ಣಿ ಕೊಡ್ರಿ' ಎಂದರೆ ಅವನು ಕೊಡುವುದು ತನ್ನಲ್ಲಿ ಇರುವುದನ್ನು. ಅದರ ಬದಲು ಕಾಯಿಲೆಯ ಗಿಡವನ್ನು ಬೇರು ಸಮೇತ ಕಾಗದದಲ್ಲಿ ಸುತ್ತಿ, ಜೊತೆಗೆ ಒಂದು ಒಳ್ಳೆಯ ಗಿಡದ ಎಲೆಯನ್ನೂ ಇಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ದಾರಿಯಲ್ಲೇ ಕೊಳೆತು ರೋಗ ತಿಳಿಯದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರಗಳು ವಿಜಯಪುರದ ಹಿಟ್ಟಿನಹಳ್ಳಿಯಲ್ಲೂ ಇಂಡಿಯಲ್ಲೂ ಇವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ಹತ್ತಿರ. ಮನೆಯಿಂದ ಹೊರಡಲಾಗದವರು ಕಿಸಾನ್ ಕಾಲ್ ಸೆಂಟರ್‌ನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಕರೆ ಮಾಡುವಾಗ ಮೇಲಿನ ಆರು ಪ್ರಶ್ನೆಗಳ ಉತ್ತರ ನಿಮ್ಮ ಬಳಿ ಸಿದ್ಧವಿರಲಿ.

ಒಂದು ಹಳೆಯ ನೋಟುಪುಸ್ತಕವನ್ನು ಹಿತ್ತಲಿಗೆಂದೇ ಇಟ್ಟುಕೊಳ್ಳಿ. ಯಾವ ಬೀಜ ಯಾವಾಗ ಹಾಕಿದ್ದು, ಯಾವ ತಿಂಗಳಲ್ಲಿ ಯಾವ ಹುಳ ಬಂತು, ಯಾವ ಮದ್ದು ಫಲಿಸಿತು ಎಂದು ಎರಡೆರಡು ಸಾಲು ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿದರೆ ಇನ್ನೂ ಒಳ್ಳೆಯದು. ಎಲೆ ಮಗುಚಿ ನೋಡುವ ಅಭ್ಯಾಸ ಅವರಿಗೂ ಆಗುತ್ತದೆ. ಮುಂದಿನ ವರ್ಷ ಹುಳ ಬರುವ ಮೊದಲೇ ನೀವು ಬೇವಿನ ಬೀಜ ಆರಿಸಿಟ್ಟಿರುತ್ತೀರಿ.